ಕಾಂಕ್ರೀಟು ಹೆದ್ದಾರಿಯೂ ಲಾರಿಯ ಭಾರವೂ

ಹೆದ್ದಾರಿಯ ಬದಿಯಲ್ಲಿ ಅರ್ಧ ತಾಸು ನಿಂತರೆ ಕಾರು, ಬಸ್ಸು, ಲಾರಿ, ದ್ವಿಚಕ್ರ ವಾಹನಗಳೆಂದು ನೂರಾರು ಬಂಡಿಗಳು ಕಣ್ಣಮುಂದೆ ಹಾದುಹೋಗುವುವು. ಇವುಗಳಲ್ಲಿ ರಸ್ತೆಯನ್ನು ಕೆಡಿಸುವುದು ಯಾವುದು? ಸಂಖ್ಯೆಯಲ್ಲಿ ಹೆಚ್ಚಾದ ಸಣ್ಣ ವಾಹನಗಳೆಂದು ತೋರಬಹುದು. ಆದರೆ ಕಾಂಕ್ರೀಟು ರಸ್ತೆಯ ದಪ್ಪವನ್ನು ನಿಶ್ಚಯಿಸುವಾಗ ಇಂಜಿನಿಯರರು ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಗಮನವೆಲ್ಲ ಭಾರದ ವಾಹನಗಳ ಮೇಲೆ. ಅದರಲ್ಲಿಯೂ ಎರಡು ಬದಿಯ ಚಕ್ರಗಳನ್ನು ಕೂಡಿಸುವ ಒಂದೊಂದು ಅಚ್ಚು ಹೊರುವ ಭಾರದ ಮೇಲೆ.

ಇದರ ಕಾರಣವು ಕಾಂಕ್ರೀಟಿನ ಸ್ವಭಾವದಲ್ಲಿಯೇ ಇದೆ. ಅದು ಒತ್ತಡವನ್ನು ಬಹಳವಾಗಿ ತಡೆಯಬಲ್ಲದು. ಎಳೆತವನ್ನು ತಡೆಯುವ ಬಲವಾದರೋ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಚಕ್ರವು ಚಪ್ಪಡಿಯ ಅಂಚಿನ ಮೇಲೆ ಹಾದಾಗ ಚಪ್ಪಡಿಯು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಮೇಲ್ಭಾಗವು ಒತ್ತಲ್ಪಟ್ಟು ಕೆಳಭಾಗವು ಎಳೆಯಲ್ಪಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲ್ಮೈ ಹಿಗ್ಗಿದಾಗ ಈ ಎಳೆತವು ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಬಿರುಕು ಬಹುಮಟ್ಟಿಗೆ ಕೆಳಗಿನಿಂದಲೇ ಮೊದಲಾಗುತ್ತದೆ.

ತಂತಿಯೊಂದನ್ನು ಮತ್ತೆ ಮತ್ತೆ ಮಣಿಸಿದರೆ ಕೊನೆಗೆ ಅದು ಮುರಿಯುವುದನ್ನು ಮಕ್ಕಳೆಲ್ಲ ಕಂಡಿರಬಹುದು. ಕಾಂಕ್ರೀಟಿಗೂ ಇಂತಹ ದಣಿವುಂಟು. ಒಮ್ಮೆಗೇ ಮುರಿಯುವಷ್ಟು ಎಳೆತವನ್ನು ೧೦೦ ಎಂದಿಟ್ಟುಕೊಳ್ಳೋಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗದರ್ಶಿಯ ಲೆಕ್ಕದಂತೆ, ಎಳೆತವು ೪೫ಕ್ಕಿಂತ ಕಡಿಮೆಯಿದ್ದರೆ ಎಷ್ಟು ಸಲ ಬಂದರೂ ಬಾಧೆಯಿಲ್ಲ. ೫೫ ಆದರೆ ಸುಮಾರು ೧ ಲಕ್ಷದ ೨೪ ಸಾವಿರ ಸಲ ತಡೆದೀತು. ೬೫ ಆದರೆ ೮ ಸಾವಿರ ಸಲವೂ ತಡೆಯದು. ಹನಿಗೂಡಿ ಹಳ್ಳವೆಂಬ ಗಾದೆಯು ಇಲ್ಲಿ ಸಣ್ಣ ಕಾರುಗಳಿಗೆ ಸಲ್ಲದು. ಭಾರದ ಲಾರಿಗಳಿಗೆ ಚೆನ್ನಾಗಿ ಸಲ್ಲುವುದು.

ಈ ವಿಷಯದಲ್ಲಿ ನಡೆದ ಅತ್ಯಂತ ಪ್ರಸಿದ್ಧವಾದ ಪರೀಕ್ಷೆಯು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಬಳಿಯದು. ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘವು ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿಸಿತು. ಅವುಗಳಲ್ಲಿ ೨½ ಅಂಗುಲದಿಂದ ೧೨½ ಅಂಗುಲದವರೆಗಿನ ದಪ್ಪದ ಕಾಂಕ್ರೀಟು ಚಪ್ಪಡಿಗಳಿದ್ದುವು. ೧೯೫೮ರಿಂದ ೧೯೬೦ರವರೆಗೆ ಸೈನಿಕರು ಅವುಗಳ ಮೇಲೆ ಬಗೆಬಗೆಯ ಭಾರ ಹೇರಿದ ಲಾರಿಗಳನ್ನು ಸುತ್ತಿಸಿದರು. ಅಚ್ಚುಗಳು ೧೧ ಲಕ್ಷಕ್ಕಿಂತಲೂ ಹೆಚ್ಚು ಸಲ ಹಾದುವು. ಅಚ್ಚಿನ ಭಾರವು ಹೆಚ್ಚಿದಂತೆ ಹಾನಿಯು ಸ್ಥೂಲವಾಗಿ ಅದರ ನಾಲ್ಕನೆಯ ಘಾತದಂತೆ ಬೆಳೆಯುವುದೆಂದು ಆ ಪರೀಕ್ಷೆಯಿಂದ ತಿಳಿದುಬಂದಿತು. ಭಾರವು ಇಮ್ಮಡಿಯಾದರೆ ಹಾನಿ ೧೬ ಪಟ್ಟು. ಒಂದೂವರೆ ಪಟ್ಟಾದರೆ ಹಾನಿ ಸುಮಾರು ೫ ಪಟ್ಟು.

ಅಲ್ಲಿ ಇನ್ನೊಂದು ಶತ್ರುವೂ ಕಂಡುಬಂದಿತು: ನೀರು. ಸಂದಿನಿಂದ ಇಳಿದ ನೀರು ಚಪ್ಪಡಿಯ ಅಡಿಯಲ್ಲಿ ನಿಂತಿರುತ್ತದೆ. ಲಾರಿಯು ಹಾದಾಗಲೆಲ್ಲ ಅದು ಮಣ್ಣನ್ನೂ ಕೂಡಿಕೊಂಡು ಹೊರಕ್ಕೆ ಚಿಮ್ಮುತ್ತದೆ. ಕ್ರಮೇಣ ಅಡಿಯು ಪೊಳ್ಳಾಗಿ ಚಪ್ಪಡಿಯು ಒಡೆಯುತ್ತದೆ.

ಈ ಕಾರಣಗಳಿಂದ ಇಂಜಿನಿಯರರು ಮೊದಲು ಲಾರಿಗಳ ಅಚ್ಚುಗಳನ್ನು ತೂಗಿ ನೋಡುತ್ತಾರೆ. ಮುಂದಿನ ಹಲವು ವರ್ಷಗಳಲ್ಲಿ ಯಾವ ಭಾರವು ಎಷ್ಟು ಸಲ ಬಂದೀತೆಂದು ಎಣಿಸುತ್ತಾರೆ. ಪ್ರತಿಯೊಂದು ಭಾರವೂ ರಸ್ತೆಯ ಆಯುಸ್ಸಿನಲ್ಲಿ ಎಷ್ಟು ಪಾಲನ್ನು ತಿನ್ನುವುದೆಂದು ಲೆಕ್ಕಹಾಕಿ, ಮೊತ್ತವು ಒಂದನ್ನು ಮೀರದಂತೆ ದಪ್ಪವನ್ನು ಗೊತ್ತುಮಾಡುತ್ತಾರೆ. ಚಪ್ಪಡಿಯ ಅಡಿಗೆ ನೀರಿಗೆ ಕೊಚ್ಚಿಹೋಗದ ಗಟ್ಟಿ ಪದರವನ್ನೂ, ಒಂದು ಚಪ್ಪಡಿಯ ಭಾರವನ್ನು ನೆರೆಯ ಚಪ್ಪಡಿಯೂ ಹಂಚಿಕೊಳ್ಳುವಂತೆ ಸಂದುಗಳಲ್ಲಿ ಉಕ್ಕಿನ ಸರಳುಗಳನ್ನೂ ಇಡುತ್ತಾರೆ.

ನಮ್ಮ ದೇಶದಲ್ಲಿ ನಾಲ್ಕು ಟಯರುಗಳುಳ್ಳ ಒಂಟಿ ಅಚ್ಚಿಗೆ ೧೦.೨ ಟನ್ನಿನ ಮಿತಿಯಿದ್ದಿತು. ೨೦೧೮ರಲ್ಲಿ ಸರಕಾರವು ಅದನ್ನು ೧೧.೫ ಟನ್ನಿಗೆ ಏರಿಸಿತು. ನಾಲ್ಕನೆಯ ಘಾತದ ಲೆಕ್ಕದಂತೆ ಈ ಅಲ್ಪ ಏರಿಕೆಯಿಂದಲೇ ಹಾನಿಯು ಸುಮಾರು ೧.೬ ಪಟ್ಟಾಗುವುದು. ಅದಕ್ಕೂ ಮೀರಿ ಹೇರಿದರೆ ಆಗುವುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು.

ನಮ್ಮ ಪೋಷಕರಲ್ಲಿ ಲಾರಿ ನಡೆಸುವವರೂ ಸರಕು ಕಳುಹಿಸುವವರೂ ಇದ್ದಾರು. ಎಷ್ಟು ಹೇರಬೇಕೆಂಬುದು ಅನೇಕ ವೇಳೆ ಚಾಲಕನ ಕೈಯಲ್ಲಿರುವುದಿಲ್ಲ, ಹೇರಿಸುವವರ ಕೈಯಲ್ಲಿರುತ್ತದೆ. ಮಿತಿಮೀರಿ ಹೇರಿಸಿದವರಿಗೆ ಒಂದು ಸಲದ ಬಾಡಿಗೆ ಉಳಿದೀತು. ಆದರೆ ಅಕಾಲದಲ್ಲಿ ಒಡೆದ ರಸ್ತೆಯನ್ನು ಮತ್ತೆ ಕಟ್ಟುವ ವೆಚ್ಚವು, ಲಾರಿಯನ್ನು ಎಂದೂ ಏರದವರೂ ಸೇರಿದಂತೆ, ಎಲ್ಲರ ಮೇಲೆಯೂ ಬೀಳುವುದು. ಹೆದ್ದಾರಿಯು ಸರ್ವರ ಸೊತ್ತು; ಅದು ಹೊರಬಲ್ಲಷ್ಟನ್ನೇ ಅದರ ಮೇಲೆ ಹೊರಿಸುವುದು ಸರ್ವರ ಕರ್ತವ್ಯ.