ಅಂಚಿನ ಮೇಲೆ ಹೆಸರಿರುವ ಬೆಳ್ಳಿ

ಬೆಳ್ಳಿಯ ವ್ಯವಹಾರ ಬಲ್ಲವರು ಯಾವ ವಸ್ತುವನ್ನಾದರೂ ಮೊದಲು ತೂಗಿ ನೋಡುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಯುದ್ಧಪದಕಗಳ ವ್ಯಾಪಾರದಲ್ಲಿ ಮಾತ್ರ ತಕ್ಕಡಿಗೆ ಅಷ್ಟೇನೂ ಕೆಲಸವಿಲ್ಲ. ಅಲ್ಲಿ ವ್ಯಾಪಾರಿಯು ಮೊದಲು ನೋಡುವುದು ಪದಕದ ಅಂಚನ್ನು. ಅದನ್ನು ಪಡೆದವನ ಹೆಸರು ಅಚ್ಚಾಗಿರುವುದು ಅಲ್ಲಿಯೇ. ಹಳೆಯ ಹೆಸರನ್ನು ಉಜ್ಜಿ ತೆಗೆದು, ಹೆಚ್ಚು ಬೆಲೆ ತರುವ ಹೆಸರನ್ನು ಕೆತ್ತುವ ಮೋಸವೂ ಉಂಟು. ಉಜ್ಜಿದ ಪದಕದ ವ್ಯಾಸ ಕೂದಲೆಳೆಯಷ್ಟಾದರೂ ಕಡಿಮೆಯಾಗಿರುತ್ತದೆ; ನುರಿತವರು ಅದನ್ನು ಅಳೆದೇ ಪತ್ತೆಹಚ್ಚುತ್ತಾರೆ. ಹೆಸರನ್ನು ಸೇನೆಯ ದಾಖಲೆಗಳೊಡನೆ ತಾಳೆ ನೋಡಿದ ಮೇಲೆಯೇ ಬೆಲೆಯ ಮಾತು.

ಇಂತಹ ಪದಕಗಳಲ್ಲಿ ಒಂದರ ಮೇಲೆ ‘ಇಂಡಿಯಾ’ ಎಂದೇ ಬರೆದಿದೆ. ಭಾರತೀಯರು ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೆಂದು ಸ್ಮರಿಸುವ 1857–58ರ ಹೋರಾಟವನ್ನು ಅಡಗಿಸಿದವರಿಗಾಗಿ 1858ರ ಆಗಸ್ಟ್‌ನಲ್ಲಿ ಮಂಜೂರಾದ ಪದಕವಿದು. 36 ಮಿಲಿಮೀಟರ್ ವ್ಯಾಸದ ಬೆಳ್ಳಿ, ಎರಡು ಕೆಂಪು ಗೆರೆಗಳುಳ್ಳ ಬಿಳಿಯ ಪಟ್ಟಿ. ಪಾಲ್ಗೊಂಡ ಕಾಳಗಕ್ಕೆ ತಕ್ಕಂತೆ ಅದರ ಮೇಲೊಂದು ಬೆಳ್ಳಿಯ ಅಡ್ಡಕಂಬಿ. ವ್ಯಾಪಾರಕ್ಕೆಂದು ಬಂದು ರಾಜ್ಯವಾಳಿದ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಕೊನೆಗಾಣಿಸುವ ಕಾಯಿದೆಗೆ ಲಂಡನ್ನಿನಲ್ಲಿ ಒಪ್ಪಿಗೆ ದೊರೆತದ್ದೂ ಅದೇ ತಿಂಗಳಲ್ಲಿ.

ಈ ಪದಕ ಪಡೆದವರಲ್ಲಿ ಬಹುಪಾಲು ಜನ ಭೂಸೇನೆಯವರು. ನಾವಿಕರದು ಅಪರೂಪ. ಸಮುದ್ರದಿಂದ ನೂರಾರು ಮೈಲಿ ದೂರದ ಲಖನೌಗೆ ನಾವಿಕರು ಬಂದುದಾದರೂ ಹೇಗೆ? 1857ರ ಆಗಸ್ಟ್‌ನಲ್ಲಿ ‘ಶಾನನ್’ ಎಂಬ ಯುದ್ಧನೌಕೆ ಕಲ್ಕತ್ತೆಗೆ ಬಂದಿತು. ಅದರ ಕಪ್ತಾನ ವಿಲಿಯಂ ಪೀಲ್ ಹಡಗಿನ ಭಾರಿ ತೋಪುಗಳನ್ನು ಇಳಿಸಿ, ಗಂಗಾನದಿಯ ಮಾರ್ಗವಾಗಿ ಅಲಹಾಬಾದಿಗೂ ಅಲ್ಲಿಂದ ಮುಂದಕ್ಕೂ ಸಾಗಿಸಿದನು. ಆ ತಂಡದಲ್ಲಿ ವಿಲಿಯಂ ಹಾಲ್ ಇದ್ದನು.

ಹಾಲ್ ಕೆನಡಾದ ನೋವಾ ಸ್ಕೋಷಿಯಾದ ಕಪ್ಪು ಜನಾಂಗದವನು. ತಂದೆತಾಯಿಗಳು ಅಮೆರಿಕದ ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಅಲ್ಲಿ ನೆಲೆಸಿದವರು. ಅವನು ಚಿಕ್ಕಂದಿನಲ್ಲಿ ಮರದ ಹಡಗು ಕಟ್ಟುವ ಕೆಲಸ ಮಾಡಿ, ಸರಕು ಹಡಗುಗಳಲ್ಲಿ ದುಡಿದು, 1852ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದನು.

1857ರ ನವೆಂಬರ್ 16ರಂದು ಲಖನೌದ ಶಾ ನಜಫ್ ಕಟ್ಟಡದ ಮುಂದೆ ಒಂದು ತೋಪಿಗೆ ಆಳು ಕಡಿಮೆಯಾದಾಗ ಹಾಲ್ ತಾನಾಗಿ ಮುಂದೆ ಬಂದನು. ಗೋಡೆಯ ಮೇಲಿಂದ ಗುಂಡಿನ ಮಳೆ. ಪ್ರತಿ ಹೊಡೆತಕ್ಕೂ ತೋಪು ಹಿಂದಕ್ಕೆ ಜಿಗಿಯುತ್ತಿತ್ತು. ಅದನ್ನು ಮತ್ತೆ ಮುಂದಕ್ಕೆ ನೂಕಿ, ನಳಿಕೆ ಒರೆಸಿ, ಮದ್ದು ತುಂಬಿ, ಗುಂಡು ಇಡಬೇಕು. ಹಲವರು ಕೂಡಿ ಮಾಡುವ ಈ ಕೆಲಸಕ್ಕೆ ಕಡೆಗೆ ಉಳಿದವರು ಇಬ್ಬರೇ: ಹಾಲ್ ಮತ್ತು ಗಾಯಗೊಂಡಿದ್ದ ಲೆಫ್ಟಿನೆಂಟ್ ಥಾಮಸ್ ಯಂಗ್. ಇಬ್ಬರೂ ತೋಪು ಹಾರಿಸುತ್ತಲೇ ಇದ್ದರು. ಅಂದು ಸಂಜೆಗೆ ಕಟ್ಟಡ ಬ್ರಿಟಿಷರ ವಶವಾಯಿತು.

ಅದೇ ದಿನ, ಅಲ್ಲಿಗೆ ಸಮೀಪದ ಸಿಕಂದರ್ ಬಾಗ್‌ನಲ್ಲಿ ಸುಮಾರು 2,000 ಸಿಪಾಯಿಗಳು ಹತರಾದರು. ಹಾಲ್‌ನ ಪದಕದ ಅಡ್ಡಕಂಬಿಯ ಮೇಲೆ ‘ಲಖನೌದ ಪರಿಹಾರ’ ಎಂಬರ್ಥದ ಇಂಗ್ಲಿಷ್ ಪದಗಳಿವೆ. ಯಾರಿಗೆ ಪರಿಹಾರವೆಂಬುದನ್ನು ಬೆಳ್ಳಿ ಹೇಳುವುದಿಲ್ಲ. ಗುಲಾಮಗಿರಿಯಿಂದ ಪಾರಾದವರ ಮಗನು, ಪರರ ಆಳ್ವಿಕೆಯನ್ನು ಕೊಡವಿಕೊಳ್ಳಲು ಹೊರಟವರ ಮೇಲೆ ತೋಪು ಹಾರಿಸಿದನೆಂಬುದು ಈ ವೃತ್ತಾಂತದ ಕಹಿಯಾದ ಭಾಗ. ಅವನ ಧೈರ್ಯವಂತೂ ಸಂಶಯಾತೀತ.

ಆ ದಿನದ ಸಾಹಸಕ್ಕಾಗಿ ಹಾಲ್‌ಗೆ 1859ರಲ್ಲಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಕಪ್ಪು ಜನಾಂಗದಲ್ಲಿ ಅದನ್ನು ಪಡೆದ ಮೊದಲಿಗನು ಅವನೇ. ಅದರೊಡನೆ ಬರುತ್ತಿದ್ದ ವರ್ಷಾಶನ 10 ಪೌಂಡು. 1876ರಲ್ಲಿ ನಿವೃತ್ತನಾಗಿ ಊರಿಗೆ ಮರಳಿ, ಸಹೋದರಿಯರೊಡನೆ ಸಣ್ಣ ಹೊಲ ನೋಡಿಕೊಂಡು ಬಾಳಿದನು. 1901ರಲ್ಲಿ ಹ್ಯಾಲಿಫ್ಯಾಕ್ಸ್ ನಗರಕ್ಕೆ ರಾಜಕುಮಾರನು (ಮುಂದೆ ಐದನೆಯ ಜಾರ್ಜ್) ಬಂದಾಗ, ಹಳೆಯ ಯೋಧರ ಸಾಲಿನಲ್ಲಿ ಈ ಮುದುಕನ ಎದೆಯ ಮೇಲಿನ ಪದಕಗಳನ್ನು ಕಂಡು ಮಾತನಾಡಿಸಿದನು.

1904ರಲ್ಲಿ ಹಾಲ್ ತೀರಿಕೊಂಡನು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. 1945ರಲ್ಲಿ ಅವನ ಅವಶೇಷಗಳನ್ನು ಹ್ಯಾಂಟ್ಸ್‌ಪೋರ್ಟ್ ಊರಿನ ಚರ್ಚಿನ ಆವರಣಕ್ಕೆ ತರಲಾಯಿತು. 2010ರಲ್ಲಿ ಕೆನಡಾ ಅವನ ಅಂಚೆಚೀಟಿ ಹೊರಡಿಸಿತು. ಆ ಬಳಿಕ ನೌಕಾಪಡೆಯ ಹೊಸ ಗಸ್ತು ಹಡಗೊಂದಕ್ಕೆ ಅವನ ಹೆಸರನ್ನೇ ಇಟ್ಟಿತು. ಶಾ ನಜಫ್ ಲಖನೌದಲ್ಲಿ ಇಂದಿಗೂ ನಿಂತಿದೆ. ಅವಧದ ಮೊದಲ ಬಾದಷಹ ಘಾಜಿಉದ್ದೀನ್ ಹೈದರನ ಗೋರಿ ಇರುವುದು ಅಲ್ಲಿಯೇ.