ನಿಮಗಿದು ಗೊತ್ತೇ? ಮೊದಲ ಪತ್ರಿಕಾ ಪ್ರಕಟಣೆ ಹುಟ್ಟಿದ್ದು ರೈಲು ದುರಂತದಿಂದ

ಸಾರ್ವಜನಿಕ ಸಂಪರ್ಕ, ಅಂದರೆ ಪಿ.ಆರ್. ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಪತ್ರಿಕಾ ಪ್ರಕಟಣೆ ಬರೆಯಲು ಕೂರುತ್ತಾರೆ. ಅದರ ಹುಟ್ಟು ಎಲ್ಲಿ ಗೊತ್ತೇ? 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ವಿದ್ಯುತ್ ರೈಲೊಂದು ಸೇತುವೆಯ ಮೇಲೆ ಹಳಿ ತಪ್ಪಿ ನೀರಿಗೆ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಬಾಯಿ ಮುಚ್ಚಿಕೊಂಡಿರುವುದೇ ಆಗಿನ ರೈಲ್ವೆ ಕಂಪನಿಗಳ ರೂಢಿ. ಈ ಕಂಪನಿಯ ಸಲಹೆಗಾರ ಐವಿ ಲೀ ಅದನ್ನು ಮುರಿದರು. ತಿಳಿದಷ್ಟನ್ನು ಬರೆದು ಪತ್ರಿಕೆಗಳಿಗೆ ಕಳಿಸಿದರು, ವರದಿಗಾರರನ್ನು ಸ್ಥಳಕ್ಕೇ ಕರೆಸಿದರು. ಅಕ್ಟೋಬರ್ 30ರಂದು ನ್ಯೂಯಾರ್ಕ್ ಟೈಮ್ಸ್ ಆ ಹೇಳಿಕೆಯನ್ನು ಬರೆದದ್ದು ಬರೆದಂತೆಯೇ ಅಚ್ಚು ಹಾಕಿತು. ಪತ್ರಿಕಾ ಪ್ರಕಟಣೆ ಶುರುವಾದದ್ದು ಅಲ್ಲಿಂದ ಎಂದು ಈ ವೃತ್ತಿಯ ಚರಿತ್ರೆ ಬರೆದವರು ಗುರುತಿಸುತ್ತಾರೆ.

ಲೀ ಓದಿದ್ದು ಪಿ.ಆರ್. ಅಲ್ಲ; ಅಂಥ ಕೋರ್ಸೇ ಆಗ ಇರಲಿಲ್ಲ. ಅವರು ಪಾದ್ರಿಯ ಮಗ, ನ್ಯೂಯಾರ್ಕ್ ಪತ್ರಿಕೆಗಳಲ್ಲಿ ದುಡಿದ ವರದಿಗಾರ. ಅದೇ 1906ರಲ್ಲಿ ಅವರು ಸಂಪಾದಕರಿಗೆ ತಮ್ಮ ನಿಯಮಗಳನ್ನು ಬರೆದು ಕಳಿಸಿದ್ದರು. ನಮ್ಮ ಕೆಲಸ ಬಹಿರಂಗ, ನಾವು ಕೊಡುವುದು ಜಾಹೀರಾತಿನ ಪುಟಕ್ಕೆ ಹೋಗಬೇಕಾದ್ದು ಎನಿಸಿದರೆ ಬಳಸಬೇಡಿ, ಯಾವ ಸಂಗತಿಯನ್ನು ಪರಿಶೀಲಿಸಬೇಕೆಂದರೂ ನೆರವಾಗುತ್ತೇವೆ ಎಂಬುದು ಅದರ ಸಾರ. ಹೊಸದಾಗಿ ಸೇರುವವರು ಇವತ್ತಿಗೂ ಇದನ್ನು ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಬಹುದು.

ಇದೇ ಲೀ ಎಂಟು ವರ್ಷಗಳ ನಂತರ ಏನಾದರು? 1914ರ ಏಪ್ರಿಲ್‌ನಲ್ಲಿ ಕೊಲರಾಡೊದ ಲಡ್ಲೊದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಗುಡಾರಗಳಿಗೆ ಬೆಂಕಿ ಬಿದ್ದು 11 ಮಕ್ಕಳು ಉಸಿರುಗಟ್ಟಿ ಸತ್ತರು. ಗಣಿಯ ಒಡೆತನ ರಾಕ್‌ಫೆಲರ್ ಕುಟುಂಬದ ಕೈಯಲ್ಲಿತ್ತು. ಅವರ ಪರವಾಗಿ ಲೀ ಹೊರಡಿಸಿದ ಪತ್ರಕಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಉಬ್ಬಿಸಿ ಬರೆದಿತ್ತು. ಸುಳ್ಳು ಹೊರಬಿತ್ತು. ಲೇಖಕ ಅಪ್ಟನ್ ಸಿಂಕ್ಲೇರ್ ‘ಪಾಯ್ಸನ್ ಐವಿ’ ಎಂದು ಅಡ್ಡಹೆಸರಿಟ್ಟರು. ನೂರು ವರ್ಷ ಕಳೆದರೂ ಆ ಹೆಸರು ಅವರನ್ನು ಬಿಟ್ಟಿಲ್ಲ.

ಈ ವೃತ್ತಿಯ ಇನ್ನೊಬ್ಬ ಆದ್ಯ ಎಡ್ವರ್ಡ್ ಬರ್ನೇಸ್ ಕಾರ್ನೆಲ್‌ನಲ್ಲಿ ಓದಿದ್ದು ಕೃಷಿ! ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಸೋದರಮಾವ. 1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಿ.ಆರ್. ಪಾಠ ಶುರುಮಾಡಿದವರು ಇವರೇ. 1929ರ ಈಸ್ಟರ್ ಹಬ್ಬದಂದು ಯುವತಿಯರ ಕೈಗೆ ಸಿಗರೇಟು ಕೊಟ್ಟು ಫಿಫ್ತ್ ಅವೆನ್ಯೂದಲ್ಲಿ ನಡೆಸಿ, ಅದನ್ನು ಸ್ತ್ರೀ ಸ್ವಾತಂತ್ರ್ಯದ ಸಂಕೇತವೆಂದು ಬಿಂಬಿಸಿದವರೂ ಇವರೇ. ಹಣ ಕೊಟ್ಟದ್ದು ತಂಬಾಕು ಕಂಪನಿ. ಮುಂದೆ ಬರ್ನೇಸ್ ಧೂಮಪಾನ ವಿರೋಧಿ ಪ್ರಚಾರಕ್ಕೆ ನಿಂತರು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಅವರು 103 ವರ್ಷ ಬದುಕಿದರು.

ಬರ್ನೇಸ್ ಕಚೇರಿಯ ಬರವಣಿಗೆಯ ದೊಡ್ಡ ಪಾಲು ಡೋರಿಸ್ ಫ್ಲೈಶ್‌ಮನ್ ಅವರದ್ದು. ಬರ್ನೇಸರ ಪತ್ನಿ, ವೃತ್ತಿಯಲ್ಲಿ ಪಾಲುದಾರೆ. ಮದುವೆಯಾದ ಮೇಲೂ ಹುಟ್ಟುಹೆಸರಿನಲ್ಲೇ ಅಮೆರಿಕದ ಪಾಸ್‌ಪೋರ್ಟ್ ಪಡೆದು 1925ರಲ್ಲಿ ಸುದ್ದಿಯಾದವರು. ಗ್ರಾಹಕರ ಮುಂದೆ ಮಾತ್ರ ಹೆಚ್ಚಾಗಿ ಗಂಡನೇ ಕಾಣಿಸಿಕೊಳ್ಳುತ್ತಿದ್ದರು. ಪಠ್ಯಪುಸ್ತಕಗಳು ಈಕೆಯ ಹೆಸರನ್ನು ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು.

ಇನ್ನು ನಮ್ಮ ದೇಶ. ಕೇಂದ್ರ ಸರ್ಕಾರದ ಸುದ್ದಿ ಕೊಡುವ ಪಿಐಬಿಗೆ ಶತಮಾನ ದಾಟಿದೆ. 1919ರಲ್ಲಿ ಶಿಮ್ಲಾದಲ್ಲಿ ಒಂದು ಸಣ್ಣ ಘಟಕವಾಗಿ ಅದು ಆರಂಭವಾಯಿತು. ಟಾಟಾ ಸಮೂಹ 1943ರಲ್ಲಿ ಮುಂಬೈಯಲ್ಲಿ ಪಿ.ಆರ್. ವಿಭಾಗ ತೆರೆಯಿತು. ವೃತ್ತಿಪರರ ಸಂಘ ಪಿಆರ್‌ಎಸ್‌ಐ ಹುಟ್ಟಿದ್ದು 1958ರಲ್ಲಿ. ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ ಏಕೆಂದರೆ, 1968ರ ಆ ದಿನ ದೆಹಲಿಯ ಮೊದಲ ಅಖಿಲ ಭಾರತ ಸಮ್ಮೇಳನದಲ್ಲಿ ವೃತ್ತಿಯ ನೀತಿಸಂಹಿತೆಯನ್ನು ಒಪ್ಪಿಕೊಳ್ಳಲಾಯಿತು. ಒಂದು ವೃತ್ತಿ ತನ್ನ ಹಬ್ಬಕ್ಕೆ ನೀತಿಸಂಹಿತೆಯ ದಿನವನ್ನು ಆರಿಸಿಕೊಂಡದ್ದು ನನಗೆ ತುಂಬ ಮೆಚ್ಚುಗೆಯ ವಿಷಯ.

ಐಎಎಸ್, ಐಪಿಎಸ್ ಕನಸು ಕಾಣುವವರಿಗೆ ಒಂದು ಮಾತು: ಅದೇ ಯುಪಿಎಸ್‌ಸಿ ಪರೀಕ್ಷೆಯಿಂದಲೇ ಭಾರತೀಯ ಮಾಹಿತಿ ಸೇವೆಗೂ ಆಯ್ಕೆ ನಡೆಯುತ್ತದೆ. ಪಿಐಬಿಯಲ್ಲಿ ಕೂತು ಸಚಿವಾಲಯಗಳ ಪರವಾಗಿ ಪತ್ರಕರ್ತರೊಡನೆ ವ್ಯವಹರಿಸುವವರು ಈ ಅಧಿಕಾರಿಗಳೇ. ಅವರ ತರಬೇತಿ 1965ರಲ್ಲಿ ಸ್ಥಾಪನೆಯಾದ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ (ಐಐಎಂಸಿ).

ಕರ್ನಾಟಕದಲ್ಲಿ ಈ ಕೆಲಸ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯದು. ಬೆಂಗಳೂರಿನ ವಾರ್ತಾ ಸೌಧದಿಂದ ಜಿಲ್ಲಾ ಕಚೇರಿಗಳವರೆಗೆ ಅದರ ಜಾಲವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರು 1951ರಲ್ಲೇ ಪತ್ರಿಕೋದ್ಯಮ ಪಾಠ ಆರಂಭಿಸಿದ್ದರು. ನಮ್ಮ ಚಿತ್ರರಂಗದಲ್ಲಿ ಪಿಆರ್‌ಒ ಕೆಲಸಕ್ಕೊಂದು ಸ್ಥಾನ ತಂದುಕೊಟ್ಟವರು ‘ಶ್ರೀ ರಾಘವೇಂದ್ರ ಚಿತ್ರವಾಣಿ’ ಕಟ್ಟಿದ ಡಿ.ವಿ. ಸುಧೀಂದ್ರ.

ಸಂವಹನ ಕಲಿಯಲು ಹೊರಟವರು ದಂಡಿ ಯಾತ್ರೆಯನ್ನು ಓದದೆ ಇರಬಾರದು. 1930ರ ಮಾರ್ಚ್ 12ರಂದು ಗಾಂಧೀಜಿ ಹೊರಡುವ ಮೊದಲೇ ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದು ತಾವು ಏನು ಮಾಡಲಿದ್ದೇವೆಂದು ತಿಳಿಸಿದ್ದರು. ಗುಟ್ಟೆಂಬುದೇ ಇರಲಿಲ್ಲ. ಆರಿಸಿಕೊಂಡ ವಸ್ತು ಉಪ್ಪು. ಓದು ಬಾರದವನಿಗೂ ವಿವರಿಸಬೇಕಾದ ಅಗತ್ಯವಿಲ್ಲ. 24 ದಿನಗಳ ನಡಿಗೆ, ದಿನಕ್ಕೊಂದು ಊರು, ದಿನವೂ ಹೊಸ ಸುದ್ದಿ. ಪ್ರಪಂಚದ ಪತ್ರಿಕೆಗಳು ಹಿಂಬಾಲಿಸಿದವು. ಆ ವರ್ಷದ ಕೊನೆಗೆ ಟೈಮ್ ಪತ್ರಿಕೆ ಗಾಂಧೀಜಿಯನ್ನು ವರ್ಷದ ವ್ಯಕ್ತಿ ಎಂದಿತು. ಆ ಯಾತ್ರೆಗೆ ಆಯ್ಕೆಯಾದ ಸತ್ಯಾಗ್ರಹಿಗಳಲ್ಲಿ ಕನ್ನಡಿಗ ಒಬ್ಬರೇ: ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಬಿಕ್ಕಟ್ಟು ನಿಭಾಯಿಸುವುದನ್ನು ಕಲಿಸುವ ತರಗತಿಗಳಲ್ಲಿ ಇವತ್ತಿಗೂ ಮೊದಲ ಪಾಠ 1982ರ ಟೈಲೆನಾಲ್ ಪ್ರಕರಣ. ಷಿಕಾಗೊ ಸುತ್ತಮುತ್ತ ಯಾರೋ ಅಂಗಡಿಗಳಲ್ಲಿದ್ದ ಈ ನೋವಿನ ಮಾತ್ರೆಗೆ ಸಯನೈಡ್ ಬೆರೆಸಿದರು. 7 ಜನ ಸತ್ತರು. ತಪ್ಪು ಕಂಪನಿಯದಲ್ಲ. ಹಾಗಿದ್ದೂ ಜಾನ್ಸನ್ ಅಂಡ್ ಜಾನ್ಸನ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. 10 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಟೈಲೆನಾಲ್ ತೆಗೆದುಕೊಳ್ಳಬೇಡಿ ಎಂದು ತಾನೇ ಜನರಿಗೆ ಹೇಳಿತು. ಕೆಲವೇ ತಿಂಗಳಲ್ಲಿ ಮೂರು ಸುತ್ತಿನ ಭದ್ರ ಮುದ್ರೆಯೊಂದಿಗೆ ಮಾತ್ರೆ ಮರಳಿತು, ಒಂದು ವರ್ಷದೊಳಗೆ ಕಳೆದುಕೊಂಡ ಮಾರುಕಟ್ಟೆಯ ಬಹುಪಾಲನ್ನೂ ಗಳಿಸಿತು.

ಈ ಕಥೆಯಲ್ಲಿ ಅಷ್ಟಾಗಿ ಹೇಳದ ಒಂದು ತುಣುಕಿದೆ. ನಿಮ್ಮ ಕಾರ್ಖಾನೆಯಲ್ಲಿ ಸಯನೈಡ್ ಇದೆಯೇ ಎಂದು ವರದಿಗಾರರು ಕೇಳಿದಾಗ ಕಂಪನಿ ಮೊದಲು ಇಲ್ಲ ಎಂದಿತ್ತು. ಗುಣಮಟ್ಟದ ಪರೀಕ್ಷೆಗೆಂದು ಸ್ವಲ್ಪ ಬಳಸುತ್ತಾರೆಂಬುದು ಆಮೇಲೆ ಗೊತ್ತಾಯಿತು. ಆಗ ತನ್ನ ಮಾತನ್ನು ತಿದ್ದಿಕೊಂಡಿತು. ಹೇಳಿಕೆ ಕೊಡುವ ಮೊದಲು ಕಾರ್ಖಾನೆಯ ಕಟ್ಟಕಡೆಯ ಕೋಣೆಯವರೆಗೂ ಹೋಗಿ ಕೇಳಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ವಿರುದ್ಧ ದಿಕ್ಕಿನ ಉದಾಹರಣೆ ಬೇಕೇ? ಲಂಡನ್ನಿನ ಪಿ.ಆರ್. ಸಂಸ್ಥೆ ಬೆಲ್ ಪಾಟಿಂಜರ್. ಉತ್ತರ ಪ್ರದೇಶದ ಸಹಾರನ್‌ಪುರದಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ಉದ್ಯಮ ಕಟ್ಟಿದ ಗುಪ್ತಾ ಸಹೋದರರ ಕಂಪನಿಗಾಗಿ ಅಲ್ಲಿ ಜನಾಂಗೀಯ ದ್ವೇಷ ಕೆದಕುವ ಪ್ರಚಾರ ನಡೆಸಿದ ಆರೋಪ ಅದರ ಮೇಲೆ ಬಂತು. ಬ್ರಿಟನ್ನಿನ ವೃತ್ತಿ ಸಂಘ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊರಹಾಕಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಕುಸಿದುಬಿತ್ತು. ಮಂದಿಯ ಹೆಸರು ಉಳಿಸುವ ಕಂಪನಿಗೆ ತನ್ನ ಹೆಸರು ಉಳಿಸಿಕೊಳ್ಳಲು ಆಗಲಿಲ್ಲ. ಏನೂ ತಪ್ಪು ಮಾಡದ ಕಿರಿಯರೂ ಕೆಲಸ ಕಳೆದುಕೊಂಡರು.

ಷೇರುಪೇಟೆಯ ಕಂಪನಿ ನಿಮ್ಮ ಗ್ರಾಹಕನಾದರೆ ಎಚ್ಚರ. ತ್ರೈಮಾಸಿಕ ಫಲಿತಾಂಶದ ಅಂಕಿಗಳು ಊರಿಗೆ ತಿಳಿಯುವ ಮೊದಲೇ ನಿಮ್ಮ ಮೇಜಿಗೆ ಬರಬಹುದು. ಸೆಬಿಯ 2015ರ ನಿಯಮಗಳ ಪ್ರಕಾರ ಅದನ್ನು ನಂಬಿ ಷೇರು ಕೊಳ್ಳುವುದಾಗಲಿ ಮಾರುವುದಾಗಲಿ ಕೂಡದು. ಸುಮ್ಮನೆ ಮನೆಯವರ ಕಿವಿಗೆ ಹಾಕುವುದೂ ನಿಯಮಭಂಗ.

ಪತ್ರಿಕೆಯಲ್ಲಿ ಬಂದ ಸುದ್ದಿಯ ಅಳತೆ ಹಿಡಿದು ಜಾಹೀರಾತಿನ ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು’ ಎಂದು ಲೆಕ್ಕ ಕೊಡುವ ಪದ್ಧತಿಯನ್ನು ಪಿ.ಆರ್. ಕೆಲಸವನ್ನು ಅಳೆಯುವುದಕ್ಕೆಂದು ರೂಪಿಸಿದ ಬಾರ್ಸಿಲೋನಾ ತತ್ವಗಳು 2010ರಲ್ಲೇ ತಳ್ಳಿಹಾಕಿವೆ. ಬೈದು ಬರೆದ ಅರ್ಧ ಪುಟಕ್ಕೂ ಆ ಲೆಕ್ಕದಲ್ಲಿ ಬೆಲೆ ಬರುತ್ತದಲ್ಲ! ಆದರೂ ಇದನ್ನು ಕೇಳುವ ಗ್ರಾಹಕರು ಈಗಲೂ ಇದ್ದಾರೆ. ಓದಿದವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿಕೊಂಡರು, ಎಷ್ಟು ಜನ ಅರ್ಜಿ ತುಂಬಿದರು ಎಂದು ಹುಡುಕಿ ಕೊಡುವುದೇ ಸರಿಯಾದ ಲೆಕ್ಕ.

ಕೊನೆಗೆ ಕನ್ನಡದ ಹುಡುಗ ಹುಡುಗಿಯರಿಗೆ. ಬೆಂಗಳೂರಿನ ಏಜೆನ್ಸಿಗಳಲ್ಲಿ ಪ್ರಕಟಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಟ್ಟಿ, ಅವಸರದ ಅನುವಾದವಾಗಿ ಕನ್ನಡ ಪತ್ರಿಕೆಗಳಿಗೆ ಬರುತ್ತದೆ. ಉಪಸಂಪಾದಕರು ಕರ್ಮಣಿ ಪ್ರಯೋಗಗಳ ಆ ಕಾಡಿನಲ್ಲಿ ಸುದ್ದಿ ಹುಡುಕುವ ಬದಲು ಮುಂದಿನ ಇಮೇಲ್ ತೆರೆಯುತ್ತಾರೆ. ನೇರವಾಗಿ ಕನ್ನಡದಲ್ಲೇ ಬರೆಯಬಲ್ಲವರಿಗೆ ಈ ಊರಿನಲ್ಲಿ ಕೆಲಸವಿದೆ. ಏನಾಯಿತು, ಎಲ್ಲಿ, ಯಾವಾಗ, ಯಾರಿಗೆ ಏನು ಉಪಯೋಗ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ. ಜಿಲ್ಲಾ ಪುಟ ಕಟ್ಟುವ ಹೊತ್ತಿಗೆ ಮುಂಚೆಯೇ ಕಳಿಸಿ. ಅಡಿಯಲ್ಲಿ ಹಾಕುವ ಫೋನ್ ನಂಬರು ಅಂದು ಸಂಜೆ ಕರೆ ಎತ್ತುವವರದ್ದೇ ಆಗಿರಲಿ.