ದಿನಕ್ಕೆ ಹತ್ತು ರೂಪಾಯಿಯ ವಿದ್ಯೆ

ಜೆ.ಪಿ. ನಗರದ ಎರಡನೆಯ ಹಂತದಲ್ಲಿ, ಹಗಲಿನ ಬಿಸಿಲನ್ನು ಹಳ್ಳಿಯ ಮನೆಗಳಿಗೆ ಇರುಳಿನ ಬೆಳಕಾಗಿ ಉಳಿಸಿಕೊಡುವ ಉದ್ಯಮವೊಂದರ ಕಾರ್ಯಾಲಯವಿದೆ. 1995ರಲ್ಲಿ ಆರಂಭವಾದ ಈ ಸೆಲ್ಕೊ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರು ಖರಗ್‌ಪುರದ ಐ.ಐ.ಟಿ.ಯಲ್ಲಿ ಶಕ್ತಿವಿಷಯಕ ಎಂಜಿನಿಯರಿಂಗ್ ಓದಿ, ಉನ್ನತ ವ್ಯಾಸಂಗಕ್ಕೆಂದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಲೋವೆಲ್ ಶಾಖೆಗೆ ಹೋದವರು. ಸೌರಶಕ್ತಿಯ ತಾಂತ್ರಿಕ ವಿಚಾರವೊಂದನ್ನು ಸಂಶೋಧನೆಗೆ ಆರಿಸಿಕೊಂಡಿದ್ದ ಆ ವಿದ್ಯಾರ್ಥಿ ಡೊಮಿನಿಕನ್ ಗಣರಾಜ್ಯಕ್ಕೆ ಹೋದಾಗ, ಅಲ್ಲಿಯ ಬಡ ಕುಟುಂಬಗಳು ಸಣ್ಣ ಸೌರದೀಪಗಳಿಗೆ ತಾವೇ ಹಣ ತೆತ್ತು ಅವುಗಳನ್ನು ಬಳಸುತ್ತಿದ್ದುದನ್ನು ಕಂಡು, ಹಿಡಿದಿದ್ದ ಪ್ರಬಂಧವನ್ನು ಬದಿಗಿಟ್ಟು, ಗ್ರಾಮಗಳಿಗೆ ವಿದ್ಯುತ್ತನ್ನು ಒದಗಿಸುವ ಬಗೆ ಹೇಗೆಂಬ ಪ್ರಶ್ನೆಯನ್ನು ಮೊದಲಿನಿಂದ ಕೈಗೆತ್ತಿಕೊಂಡರು; ಶ್ರೀಲಂಕೆಯ ಹಳ್ಳಿಗಳಲ್ಲಿ ವಾಸವಾಗಿದ್ದು ಕತ್ತಲೆಯೆಂಬುದನ್ನು ಅನುಭವದಿಂದ ಅರಿತುಕೊಂಡರು. 2011ರಲ್ಲಿ ಅವರಿಗೆ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಅವರು ಆಗಾಗ ಹೇಳುವ ಒಂದು ಸಂಗತಿಯುಂಟು. ಬೀದಿಯಲ್ಲಿ ಸರಕು ಮಾರುವ ಹೆಂಗಸೊಬ್ಬಳಿಗೆ ದೀಪದ ಸಾಲಕ್ಕಾಗಿ ತಿಂಗಳಿಗೆ 300 ರೂಪಾಯಿ ಕಟ್ಟುವುದು ಭಾರ. ದಿನಕ್ಕೆ 10 ರೂಪಾಯಿಯಾದರೆ ಹಗುರ. ಗಣಿತಶಾಸ್ತ್ರದಲ್ಲಿ ಇವೆರಡೂ ಒಂದೇ ಮೊತ್ತ. ಆದರೆ ಸಂಜೆಯ ವ್ಯಾಪಾರದಿಂದ ನಾಳೆಯ ಬಂಡವಾಳವನ್ನು ತೆಗೆದಿರಿಸಿ, ಉಳಿದುದರಲ್ಲಿ ಅಕ್ಕಿ ಕೊಳ್ಳತಕ್ಕ ಆ ತಾಯಿಯ ಲೆಕ್ಕದಲ್ಲಿ ಇವೆರಡರ ನಡುವೆ ಒಂದು ಸಂಸಾರದಷ್ಟು ಅಂತರವಿದೆ. ಸೌರಫಲಕವೆಷ್ಟು ದಕ್ಷವಾದುದಾದರೂ, ಸಾಲದ ಕಂತು ಆಕೆಯ ದಿನಚರಿಗೆ ಹೊಂದದ ಹೊರತು ಬೆಳಕು ಆಕೆಯ ಗಾಡಿಗೆ ಬಾರದು. ಯಂತ್ರದಿಂದ ಕಂತಿಗೆ, ಕಂತಿನಿಂದ ಬ್ಯಾಂಕಿನ ನಿಯಮಕ್ಕೆ, ನಿಯಮದಿಂದ ಅದನ್ನು ರೂಪಿಸಿದ ಸರ್ಕಾರದ ನೀತಿಗೆ ದೃಷ್ಟಿಯನ್ನು ಹರಿಸಲು ಕಲಿಸುವ ಶಾಸ್ತ್ರಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಅಭಿವೃದ್ಧಿ ಅಧ್ಯಯನವೆಂದು ಹೆಸರು.

ಈ ಶಾಸ್ತ್ರವು ಪ್ರಾಚೀನವಾದುದಲ್ಲ. ಎರಡನೆಯ ಮಹಾಯುದ್ಧದ ತರುವಾಯ, ಪರಾಧೀನವಾಗಿದ್ದ ದೇಶಗಳು ಒಂದೊಂದಾಗಿ ಸ್ವತಂತ್ರವಾದಾಗ, ದಾರಿದ್ರ್ಯದ ನಿವಾರಣೆ ಹೇಗೆಂಬ ಚಿಂತೆಯಿಂದ ಹುಟ್ಟಿದ್ದು. ಹಾಲೆಂಡಿನ ಹೇಗ್ ನಗರದ ಸಮಾಜ ಅಧ್ಯಯನ ಸಂಸ್ಥೆ 1952ರಲ್ಲಿಯೂ, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಅಭಿವೃದ್ಧಿ ಅಧ್ಯಯನ ಸಂಸ್ಥೆ 1966ರಲ್ಲಿಯೂ ತಲೆಯೆತ್ತಿದವು. ಪರಿಸರದ ಚಿಂತೆ ಇದರೊಡನೆ ಕೂಡಿಕೊಂಡುದು ಅನಂತರ: ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿಯೆಂಬ ವ್ಯಾಖ್ಯೆಯನ್ನು 1987ರಲ್ಲಿ ಬ್ರುಂಟ್‌ಲಂಡ್ ಆಯೋಗದ ವರದಿಯು ಲೋಕಪ್ರಚಲಿತಗೊಳಿಸಿತು. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಆ ಚಿಂತೆಯ ವಿಸ್ತಾರ.

ಜಯನಗರದ ಹಳೆಯ ಮನೆಗಳ ಮಹಡಿಗಳಲ್ಲಿಯೂ ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿಯೂ ಇದ್ದುಕೊಂಡು, ಕಂಪನಿಗಳ ಸುಸ್ಥಿರತೆಯ ವಿಭಾಗಗಳಿಗೆ ದಿನವೂ ಹೋಗಿಬರುವ ತರುಣ ತರುಣಿಯರು ಈಗ ಅನೇಕರಿದ್ದಾರೆ. ಇಂತಹ ಉದ್ಯೋಗಗಳು ಹೆಚ್ಚಿದುದಕ್ಕೆ ಕಾನೂನಿನ ಕಾರಣಗಳಿವೆ. 2013ರ ಕಂಪನಿ ಕಾಯಿದೆಯು, ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಷೇರುಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿಯು, ಮಾರುಕಟ್ಟೆಯ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು 2022-23ರಿಂದ ಕಡ್ಡಾಯವಾಗಿ ಒಪ್ಪಿಸಬೇಕೆಂದಿತು. ನೀರೆಷ್ಟು, ವಿದ್ಯುತ್ತೆಷ್ಟು, ಕಸವೆಷ್ಟು ಎಂದು ಕೋಷ್ಟಕಗಳನ್ನು ತುಂಬುತ್ತ ಎರಡು ಮೂರು ವರ್ಷ ಕಳೆದ ಮೇಲೆ, ಈ ಅಂಕಿಗಳ ಆಚೆ ಇರುವ ಜನರು ಯಾರು, ಅವರ ಬಾಳಿನಲ್ಲಿ ಇದರಿಂದ ಏನು ಬದಲಾಯಿತು ಎಂಬ ಪ್ರಶ್ನೆ ಇವರಲ್ಲಿ ಸೂಕ್ಷ್ಮ ಮನಸ್ಸಿನವರನ್ನು ಕಾಡತೊಡಗುತ್ತದೆ. ಆಗ ಸ್ನಾತಕೋತ್ತರ ವ್ಯಾಸಂಗದ ಯೋಚನೆ ಹುಟ್ಟುತ್ತದೆ. ಅದು ಸರಿಯಾದ ಹೊತ್ತು ಎಂದೇ ನನ್ನ ಭಾವನೆ.

ಆ ಪ್ರಶ್ನೆಗೆ ಉತ್ತರವನ್ನು ಅರಸುವವರು ಹೇಗ್‌ಗೆ ಹೋಗುವ ಮುನ್ನ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆಯನ್ನು ತಿಳಿಯಬೇಕು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1974ರಲ್ಲಿ, ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವ ಉದ್ದೇಶದಿಂದ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಪುರದಲ್ಲಿ ಅವರ ತಂಡವು ಊರೊಟ್ಟಿನ ಗೋಬರ್ ಅನಿಲ ಸ್ಥಾವರವೊಂದನ್ನು ನಿರ್ಮಿಸಿತು. ಎಲ್ಲ ಮನೆಗಳ ಒಲೆಗೂ ಅನಿಲವನ್ನು ಕೊಡಬೇಕೆಂಬುದು ಮೊದಲಿನ ಸಂಕಲ್ಪ. ವಿಜ್ಞಾನಿಗಳ ದೃಷ್ಟಿಯಲ್ಲಿ ಹಳ್ಳಿಯ ಇಂಧನದ ಬಹುಭಾಗ ಒಲೆಯಲ್ಲಿಯೇ ಉರಿದುಹೋಗುವುದರಿಂದ ಅದು ಯುಕ್ತವಾದುದೇ. ಆದರೆ ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಊರವರ ಮನಸ್ಸಿನಲ್ಲಿದ್ದುದಾದರೂ ಬೇರೆ: ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ತಂಡವು ತನ್ನ ಸಂಕಲ್ಪವನ್ನು ಬಿಟ್ಟುಕೊಟ್ಟಿತು. 1987ರಿಂದ ಆ ಅನಿಲದಿಂದ ಎಂಜಿನ್ ನಡೆಯಿತು, ಎಂಜಿನ್ನಿನಿಂದ ವಿದ್ಯುತ್ತು ಹುಟ್ಟಿತು, ಕೊಳವೆಬಾವಿಯ ನೀರು ನಲ್ಲಿಗಳಿಗೆ ಏರಿತು, ಮನೆಗಳಲ್ಲಿ ದೀಪ ಬೆಳಗಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ದೊರೆಯಿತು. ಗೊಬ್ಬರವಾಗಬಲ್ಲ ಬಗ್ಗಡ ಹೊಲಕ್ಕೆ ಹಿಂದಿರುಗಿತು. ಜಗತ್ತಿನ ಇಂಧನ ಚಿಂತಕರ ಪಂಕ್ತಿಯಲ್ಲಿ ಕುಳಿತವರೂ, 1988ರಲ್ಲಿ ಮೂವರು ವಿದೇಶೀಯ ಸಹಲೇಖಕರೊಡನೆ ಸುಸ್ಥಿರ ಜಗತ್ತಿನ ಇಂಧನವನ್ನು ಕುರಿತು ಗ್ರಂಥ ಬರೆದವರೂ ಆದ ರೆಡ್ಡಿಯವರ ಚಿಂತನೆಯ ಬೇರುಗಳು ಇಂತಹ ಹಳ್ಳಿಗಳಲ್ಲಿದ್ದುವು ಎಂಬುದನ್ನು ನೆನೆದಾಗ ನನಗೆ ಕೃತಜ್ಞತೆಯೇ ಮುಂದಾಗುತ್ತದೆ.

ತರಗತಿಯಲ್ಲಿ ಕಲಿಸುವುದೇನು? ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಾರ್ವಜನಿಕ ನೀತಿ, ಸಂಖ್ಯಾಶಾಸ್ತ್ರ, ಮನೆಮನೆಯ ಸಮೀಕ್ಷೆಯ ವಿಧಾನ. ಇವೆಲ್ಲ ಬೇಕಾದುವೇ. ಆದರೂ ಒಂದು ಪದವಿಯ ಮೌಲ್ಯವನ್ನು ನಾನು ಅಳೆಯುವುದು ಅದರ ಕ್ಷೇತ್ರಕಾರ್ಯದಿಂದ: ವಿದ್ಯಾರ್ಥಿಯು ಎಷ್ಟು ವಾರ ಊರೊಂದರಲ್ಲಿ ಉಳಿದನು, ಯಾರ ಭಾಷೆಯಲ್ಲಿ ಪ್ರಶ್ನೆ ಕೇಳಿದನು, ತನ್ನ ಮೊದಲ ಊಹೆ ಸುಳ್ಳಾದಾಗ ಏನು ಮಾಡಿದನು. ಕನ್ನಡ ಬಲ್ಲ ವಿದ್ಯಾರ್ಥಿಗೆ ಇಲ್ಲಿ ದೊರೆಯುವ ಸೌಲಭ್ಯವು ಪರದೇಶದ ಯಾವ ಗ್ರಂಥಾಲಯದಲ್ಲಿಯೂ ದೊರೆಯತಕ್ಕುದಲ್ಲ.

ಬೆಂಗಳೂರಿನಲ್ಲಿಯೇ ಈ ವಿದ್ಯೆಗೆ ನೆಲೆಗಳಿವೆ. ವಿ.ಕೆ.ಆರ್.ವಿ. ರಾಯರು 1972ರಲ್ಲಿ ಸ್ಥಾಪಿಸಿದ, ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಗೆ ಎಂ.ಎನ್. ಶ್ರೀನಿವಾಸರಂತಹ ಸಮಾಜಶಾಸ್ತ್ರಜ್ಞರು ಬಲ ತುಂಬಿದರು; ಸಂಶೋಧನೆಯಲ್ಲಿ ಮುಂದುವರಿಯುವವರಿಗೆ ಅದು ತಕ್ಕ ತಾಣ. ಸರ್ಜಾಪುರದ ಬಳಿಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದಲ್ಲಿ ಅಭಿವೃದ್ಧಿ ವಿಷಯದ ಎರಡು ವರ್ಷಗಳ ಎಂ.ಎ. ಇದೆ, ಕುಟುಂಬದ ಆದಾಯವನ್ನು ನೋಡಿ ಶುಲ್ಕದಲ್ಲಿ ರಿಯಾಯಿತಿಯುಂಟು. ಬನ್ನೇರುಘಟ್ಟ ರಸ್ತೆಯ ಐ.ಐ.ಎಂ.ನಲ್ಲಿ ಸಾರ್ವಜನಿಕ ನೀತಿಗೆ ಪ್ರತ್ಯೇಕ ಕೇಂದ್ರವೇ ಇದೆ.

ಪರದೇಶಕ್ಕೆ ಹೋಗಬಾರದೆಂದು ನಾನು ಹೇಳುವವನಲ್ಲ. ಆಫ್ರಿಕ, ಲ್ಯಾಟಿನ್ ಅಮೆರಿಕಗಳಿಂದ ಬಂದವರೊಡನೆ ಒಂದೇ ಬೆಂಚಿನಲ್ಲಿ ಕುಳಿತಾಗ ನಮ್ಮ ಬರಗಾಲ, ನಮ್ಮ ಸಾಲ, ನಮ್ಮ ಕೆರೆಗಳಿಗೆ ದೂರದ ಬಂಧುಗಳಿರುವುದು ತಿಳಿಯುತ್ತದೆ; ಹಂದೆಯವರ ಕಣ್ಣು ತೆರೆದುದೂ ಕೆರಿಬಿಯನ್ ದ್ವೀಪದಲ್ಲಿಯೇ ಅಲ್ಲವೆ? ಆದರೆ ಈ ಕ್ಷೇತ್ರದ ಸಂಬಳಗಳು ಸಾಫ್ಟ್‌ವೇರ್ ಉದ್ಯೋಗದ ಸಂಬಳಗಳಂತಲ್ಲವಾದುದರಿಂದ, ಮನೆಯನ್ನು ಅಡವಿಟ್ಟು ಬ್ಯಾಂಕಿನ ಸಾಲದಲ್ಲಿಯೇ ಪೂರ್ತಿಯಾಗಿ ಓದಲು ಹೊರಡುವುದು ವಿವೇಕವಲ್ಲ. ವಿದ್ಯಾರ್ಥಿವೇತನವನ್ನು ಮೊದಲು ಹುಡುಕಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನಕ್ಕೆ ಎರಡು ವರ್ಷಗಳ ಉದ್ಯೋಗಾನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷವಾದರೂ ಸ್ವದೇಶದಲ್ಲಿರಬೇಕೆಂಬ ನಿಯಮವೂ ಇದೆ. ಅಮೆರಿಕಕ್ಕೆ ಹೋಗುವವರ ಫುಲ್‌ಬ್ರೈಟ್-ನೆಹರೂ ವೇತನವು ಮೂರು ವರ್ಷಗಳ ಅನುಭವವನ್ನು ಕೇಳುತ್ತದೆ. ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯಿದೆ; ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಭೂಹೀನ ಕೃಷಿಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ತೆರೆದಿದೆ. ಅನುಭವವನ್ನು ಕೇಳುವ ಈ ನಿಯಮಗಳು ನ್ಯಾಯವಾದುವೆಂದೇ ತೋರುತ್ತದೆ. ಕೆಲಸದಲ್ಲಿ ಎಡವಿ ಎದ್ದವನ ಬಳಿ ಪ್ರಶ್ನೆಗಳಿರುತ್ತವೆ.

ಸಲಹೆ ಕೇಳಿ ಬರುವವರನ್ನು ನಾನು ಜೆ.ಪಿ. ನಗರದ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಗೆ ಕಳುಹಿಸುವುದುಂಟು. ಹಾಳಾಗುತ್ತಿದ್ದ ಸುಮಾರು 13 ಎಕರೆಯ ಆ ಕೆರೆಯನ್ನು ಉಳಿಸಲು ನೆರೆಹೊರೆಯವರು 2010ರಲ್ಲಿ ಟ್ರಸ್ಟೊಂದನ್ನು ಕಟ್ಟಿ, ಮರುವರ್ಷ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಅದರ ನಿರ್ವಹಣೆಯನ್ನು ವಹಿಸಿಕೊಂಡರು. ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರು ಈಗ ಕೆರೆಗೆ ಹರಿಯುತ್ತದೆ. ಅಲ್ಲಿ ಒಂದು ವಾರ ಬೆಳಗಿನ ಹೊತ್ತು ಸುತ್ತಾಡಿ, ನೀರು ಎಲ್ಲಿಂದ ಬರುತ್ತದೆ, ಕಾವಲುಗಾರನ ಸಂಬಳವನ್ನು ಯಾರು ಕೊಡುತ್ತಾರೆ, ಕೆರೆಯಂಚಿನ ಗುಡಿಸಲಿನವರಿಗೆ ಈ ಕೆಲಸದಿಂದ ಏನಾಯಿತು ಎಂಬ ಮೂರನ್ನು ವಿಚಾರಿಸಿ, ಎರಡು ಪುಟ ಕನ್ನಡದಲ್ಲಿ ಬರೆದುಕೊಂಡು ಬನ್ನಿ ಎನ್ನುತ್ತೇನೆ. ವಿಶ್ವವಿದ್ಯಾನಿಲಯಕ್ಕೆ ಕಳುಹಿಸತಕ್ಕ ಅರ್ಜಿಯ ಮೊದಲ ಕರಡು ಆ ಎರಡು ಪುಟಗಳಲ್ಲಿಯೇ ಸಿದ್ಧವಾಗಿರುತ್ತದೆ.